ಕಲ್ಲಿಡದ ಕಡಲಹುಲ್ಲು

ಅಲ್ಲ, ಬಸ್ಸಿನಲ್ಲಿ ಯಾರೂ ಮೂಗು ಮುಚ್ಚಿಕೊಂಡಿರಲಿಲ್ಲವೇನೋ. ಇಷ್ಟು ವರ್ಷ ಈ ಕತೆ ಹೇಳುವಾಗೆಲ್ಲ, ಕೋಲಾರದಿಂದ ಶ್ರೀನಿವಾಸಪುರದ ತನಕ ಇಡೀ ಬಸ್ಸು ಮೂಗು ಮುಚ್ಚಿಕೊಂಡು ಕೂತಿತ್ತು ಎಂದೇ ಹೇಳಿದ್ದೇನೆ. ಕೇಳಿದವರು ನಕ್ಕಿದ್ದಾರೆ. ಆ ನಗುವಿನ ಆಸೆಗೆ ಮುಂದಿನ ಸಲ ಇನ್ನೆರಡು ಮೂಗು ಸೇರಿಸಿದ್ದೇನೆ. ಈಗ ಬರೆಯಲು ಕೂತರೆ ಕಣ್ಣಿಗೆ ಬರುವುದು ಕಂಡಕ್ಟರ್ ಒಬ್ಬನೇ. ಅವನು ನನ್ನ ಕಾಲ ಬಳಿಯಿದ್ದ ಗೋಣಿಚೀಲವನ್ನು ಚಪ್ಪಲಿ ತುದಿಯಿಂದ ಮುಟ್ಟಿ, "ಒಣಮೀನಾ?" ಎಂದ.

"ಅಲ್ಲಪ್ಪ, ಹುಲ್ಲು."

"ಹುಲ್ಲಿಗೆ ಮೀನಿನ ವಾಸನೆ ಹೆಂಗ್ ಬರ್ತದೆ?"

"ಸಮುದ್ರದ ಹುಲ್ಲು."

ಅವನು ಚೀಲ ನೋಡಿದ, ನನ್ನನ್ನು ನೋಡಿದ. "ಮೀನು ಅಂದ್ರೂ ಲಗೇಜ್ ಅಷ್ಟೇ ಕಣಮ್ಮ. ಸುಳ್ಳು ಯಾಕೆ?" ಎಂದು ಟಿಕೆಟ್ ಹರಿದುಕೊಟ್ಟ. ಇಷ್ಟು ನಿಜವಿರಬೇಕು. ನಾನೇ ಕಟ್ಟಿದ ನೆನಪುಗಳಲ್ಲಿ ಕೊನೆಯ ಮಾತು ಸಾಮಾನ್ಯವಾಗಿ ನನ್ನದಾಗಿರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮಾಲೂರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತ, ರಜಾದಿನಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸಂಶೋಧನೆ ಮಾಡುತ್ತಿದ್ದೆ. ವಿಷಯ: ಮೂಲಭೂತ ಹಕ್ಕುಗಳು ಮತ್ತು ಕಡಲತೀರದ ಹುಲ್ಲು. ಸಮುದ್ರದ ಆಳವಿಲ್ಲದ ಕಡೆ, ನೀರಿನ ಅಡಿಯಲ್ಲಿ, ಗದ್ದೆಯ ಹಾಗೆ ಹುಲ್ಲು ಬೆಳೆಯುತ್ತದೆ. ತಮಿಳುನಾಡಿನ ದಕ್ಷಿಣ ತೀರದ ಒಂದು ಹಳ್ಳಿಯಲ್ಲಿ, ನೀರು ಇಳಿದಾಗ ಹೆಂಗಸರು ಆ ಹುಲ್ಲಿನ ಮೇಲೆ ಮೊಣಕಾಲುದ್ದ ನೀರಿನಲ್ಲಿ ನಡೆದು ಏಡಿ, ಚಿಪ್ಪು ಹೆಕ್ಕಿ ಬದುಕುತ್ತಿದ್ದರು. ದಡದ ಜಾಗ ಗುತ್ತಿಗೆ ಹಿಡಿದವನೊಬ್ಬ ಅವರ ದಾರಿಗೆ ಬೇಲಿ ಹಾಕಿ, ನೀರಿನೊಳಕ್ಕೂ ಗೂಟ ನೆಟ್ಟು, "ನೀವು ತುಳಿದು ತುಳಿದು ಹುಲ್ಲೆಲ್ಲ ಸಾಯ್ತಿದೆ, ಹುಲ್ಲು ಸತ್ತರೆ ಮೀನಿಲ್ಲ" ಎಂದಿದ್ದ. ಹೊಟ್ಟೆಪಾಡಿಗೆ ಹುಲ್ಲಿನ ತನಕ ನಡೆದು ಹೋಗುವುದು ಬದುಕುವ ಹಕ್ಕಿನ ಭಾಗವೇ ಎಂಬುದು ನನ್ನ ಪ್ರಶ್ನೆ.

ನನ್ನ ಮಾರ್ಗದರ್ಶಕರು ಕಾನೂನಿನ ಮೇಷ್ಟ್ರು. ಅವರ ಪ್ರಶ್ನೆ ಬೇರೆ.

"ಕೋಲಾರ ಜಿಲ್ಲೆಯಲ್ಲಿ ಕೆರೆಗಳಿಗೆ ಬರವೇನಮ್ಮ?"

"ಕೆರೆಗಳಿವೆ ಸಾರ್. ನೀರಿಲ್ಲ."

"ನೀರಿಲ್ಲದ ಕೆರೆ ಮೇಲೆ ಬರಿ. ಮುಳುಗೋ ಭಯವೂ ಇಲ್ಲ."

ನಾನು ಹಟ ಹಿಡಿದೆ. ಅವರು ಒಂದು ಷರತ್ತು ಹಾಕಿದರು. ಬೇಲಿಯ ಒಳಗಿನ, ಯಾರೂ ತುಳಿಯದ ಹುಲ್ಲು ಸ್ವಲ್ಪ. ಬೇಲಿಯ ಹೊರಗಿನ, ಹೆಂಗಸರು ದಿನಾ ತುಳಿಯುವ ಹುಲ್ಲು ಸ್ವಲ್ಪ. ಎರಡನ್ನೂ ಬೇರೆಬೇರೆ ತಂದು ಒಣಗಿಸಿಡಬೇಕು. ಮಾವಿನ ಕಾಲಕ್ಕೆ ಅವರು ಮುಳಬಾಗಿಲಿಗೆ ಒಂದು ಮದುವೆಗೆ ಬರುವವರಿದ್ದರು. ಹಾಗೇ ನಮ್ಮೂರಿಗೂ ಬಂದು, ಹುಲ್ಲನ್ನು ಕೊಂಡೊಯ್ದು ಸಸ್ಯಶಾಸ್ತ್ರದವರಿಗೆ ಕೊಡುತ್ತಾರೆ. ಎರಡೂ ಒಂದೇ ಸಮ ಚೆನ್ನಾಗಿದ್ದರೆ ಗುತ್ತಿಗೆದಾರನ ಮಾತು ಸುಳ್ಳಾಯಿತು, ವಿಷಯ ನನ್ನದಾಯಿತು. ಇಲ್ಲದಿದ್ದರೆ ಕೆರೆ.

ನೀರಿನಲ್ಲಿ ನೋಡಿದಾಗ ನನಗೆ ಎರಡೂ ಒಂದೇ ಥರ ಕಂಡವು. ನನಗೆ ಹಾಗೆ ಕಾಣಬೇಕಾಗಿತ್ತು ಎಂಬುದನ್ನೂ ಹೇಳಬೇಕು. ಕಿತ್ತುಕೊಟ್ಟವರು ಆ ಹೆಂಗಸರೇ. ಕೋಲಾರದ ಕಡೆಯ ತೆಲುಗು ಬೆರೆತ ನನ್ನ ತಮಿಳು ಕೇಳಿ ಅವರು ನೀರಿನಲ್ಲಿ ನಿಲ್ಲಲಾರದಷ್ಟು ನಗುತ್ತಿದ್ದರು. ಒಬ್ಬಾಕೆ ಮಾತ್ರ ನಗದೆ, "ಇದನ್ನ ತೋರಿಸಿದರೆ ದಾರಿ ಬಿಡ್ತಾರಾ?" ಎಂದು ಕೇಳಿದಳು. "ಬಿಡಬಹುದು" ಎಂದೆ. ಇಲ್ಲ, "ಬಿಡ್ತಾರೆ" ಎಂದೆನೋ. ಈ ಎರಡರ ನಡುವೆ ಎಷ್ಟು ದೂರವಿದೆ ಎಂದು ಆಗ ಯೋಚಿಸಲಿಲ್ಲ.

ಮಾಲೂರಿನಲ್ಲಿ ನನ್ನ ಬಾಡಿಗೆ ಕೋಣೆಯ ತಾರಸಿ ಮೇಲೆ ಇಟ್ಟಿಗೆ ಗೂಡುಗಳ ಬೂದಿ ಬೀಳುತ್ತಿತ್ತು. ಹಾಗಾಗಿ ಹುಲ್ಲು ರಾಯಲ್ಪಾಡಿನ ಕಡೆಯ ನಮ್ಮಜ್ಜಿಯ ಮನೆಗೆ ಬಂತು. ನಾನು ಬೆಳೆದದ್ದು ಅಲ್ಲೇ. ಅಜ್ಜಿಯ ಜೊತೆ ನನ್ನ ಸೋದರಮಾವ ಇದ್ದ. ತೋಟ ನೋಡಿಕೊಂಡು ಮಾವು ಮಾರುವುದು ಅವನ ಕಸುಬು. ಎರಡು ಕಂತೆಗಳನ್ನೂ ಬಿಚ್ಚಿ, ಹಿತ್ತಿಲಿನಲ್ಲಿ ಒಂದನ್ನು ಕೆಂಪು ಬಟ್ಟೆಯ ಮೇಲೆ, ಇನ್ನೊಂದನ್ನು ಬಿಳಿ ಬಟ್ಟೆಯ ಮೇಲೆ ಹರಡಿದೆ.

"ಸಮುದ್ರಂಲೋ ಗಡ್ಡಿನಾ?" ಎಂದಳು ಅಜ್ಜಿ. ಆಶ್ಚರ್ಯವಾದಾಗ ಅವಳಿಗೆ ತೆಲುಗೇ ಬರುತ್ತಿತ್ತು. ಆಮೇಲೆ ಕನ್ನಡಕ್ಕೆ ಬಂದಳು. "ಸಮುದ್ರದಾಗಿನ ಹುಲ್ಲನ್ನ ಯಾವ ಎಮ್ಮೆ ಮೇಯ್ತದೆ?"

"ಕಡಲ ಹಸು ಅಂತ ಇದೆ ಅಜ್ಜಿ. ಅದು ಮೇಯತ್ತೆ."

"ಹಾಲು ಕೊಡ್ತದಾ?"

"ಮರಿಗೆ ಕೊಡತ್ತೆ."

"ಕರೆಯೋರಿಲ್ಲ ಅನ್ನು. ಪುಣ್ಯ ಮಾಡೈತೆ." ನನ್ನ ಸಂಶೋಧನೆಯ ವಿಷಯ ನೆನಪಾಗಿ, "ಹುಲ್ಲಿಗೂ ಹಕ್ಕೈತಾ?"

"ಹುಲ್ಲಿಗಲ್ಲ, ಹೆಂಗಸರಿಗೆ. ಹುಲ್ಲಿನ ತನಕ ಹೋಗೋ ಹಕ್ಕು."

"ಹೆಂಗಸ್ರು ಹುಲ್ಲಿಗೆ ಹೋಗಬಾರ್ದು ಅಂತ ಯಾವನಂದ? ಅವನ ಮನೇಲಿ ದನ ಇಲ್ವಾ?"

ನನ್ನ ಪ್ರಬಂಧದ ಪೀಠಿಕೆ ಅಲ್ಲೇ ಮುಗಿದಂತಾಯಿತು. ನಾನು ಶಾಲೆಗೆಂದು ಮಾಲೂರಿಗೆ ಹಿಂತಿರುಗಿದೆ.

ಮೇಷ್ಟ್ರು ಬರುವ ದಿನ ಬೆಳಿಗ್ಗೆ ಊರಿಗೆ ಬಂದು ನೋಡಿದರೆ ಹಿತ್ತಿಲಿನಲ್ಲಿ ಕೆಂಪು ಬಟ್ಟೆ ಮಡಿಸಿಟ್ಟಿತ್ತು, ಬಿಳಿ ಬಟ್ಟೆಯೂ ಮಡಿಸಿಟ್ಟಿತ್ತು. ಹುಲ್ಲಿರಲಿಲ್ಲ.

"ಅಡೆ ಹಾಕ್ದೆ ಕಣೇ," ಎಂದ ಮಾವ, ನನಗೆ ಉಪಕಾರ ಮಾಡಿದವನ ಮುಖದಲ್ಲಿ.

ಕಾಯಿ ಮಾವನ್ನು ಹುಲ್ಲಿನ ಪದರಗಳ ನಡುವೆ ಮುಚ್ಚಿಟ್ಟು ಹಣ್ಣು ಮಾಡುವುದಕ್ಕೆ ಅಡೆ ಎನ್ನುತ್ತಾರೆ. ಅದಕ್ಕೆ ಭತ್ತದ ಹುಲ್ಲು ಒಳ್ಳೆಯದು. ಆ ವರ್ಷ ಕೆರೆ ಒಣಗಿ ಭತ್ತವಿರಲಿಲ್ಲ.

"ರಾಗಿ ಹುಲ್ಲಾಗೆ ಹಾಕಿದ್ರೆ ರಸಪುರಿಗೆಲ್ಲ ಗೀರು ಬೀಳ್ತದೆ. ನಿಮ್ ಮೇಷ್ಟ್ರಿಗೆ ಗೀರು ಬಿದ್ದಿದ್ದು ಕೊಡಕ್ಕಾಗ್ತದಾ? ನಿನ್ ಹುಲ್ಲು ರೇಷ್ಮೆ ಹಂಗಿತ್ತು. ಅವ್ರಿಗೇಂತ್ಲೇ ಅದ್ರಾಗೆ ಹಾಕ್ದೆ."

"ಎರಡನ್ನೂ ಬೇರೆಬೇರೆ ಇಟ್ಟಿದ್ದೆನಲ್ಲ ಮಾವ!"

"ಎರಡೂ ಸೇರಿದ್ಮೇಲೇ ಕಣೇ ಸಾಕಾಗಿದ್ದು."

ಹಣ್ಣಿನ ಕೋಣೆಗೆ ಓಡಿ ಅಡೆ ತೆಗೆದೆ. ಹಣ್ಣುಗಳು ಬಿಸಿಯಾಗಿ, ಹಳದಿಯಾಗಿ, ಘಮಘಮಿಸುತ್ತ ಮಲಗಿದ್ದವು. ಹುಲ್ಲು ಪುಡಿಪುಡಿಯಾಗಿ ಒಂದಾಗಿತ್ತು. ತುಳಿದದ್ದು ಯಾವುದು, ತುಳಿಯದ್ದು ಯಾವುದು ಎಂದು ಅದನ್ನು ಬೆಳೆಸಿದ ಸಮುದ್ರವೂ ಹೇಳುವ ಹಾಗಿರಲಿಲ್ಲ. ನಾನು ಅತ್ತೆ ಎಂದು ಅಜ್ಜಿ ಸಾಯುವ ತನಕ ಹೇಳುತ್ತಿದ್ದಳು. ನನ್ನ ನೆನಪಿನಲ್ಲಿ ನಾನು ಅತ್ತಿಲ್ಲ, ಕೂತು ಒಂದು ಹಣ್ಣು ತಿಂದೆ. ಎರಡೂ ನಡೆದಿರಬಹುದು.

ಮೇಷ್ಟ್ರು ಬಂದರು. ಮದುವೆಯ ಊಟದ ಮೇಲೆ ಬಂದವರು ಬರೀ ಹಣ್ಣು ಸಾಕೆಂದರು. ರಸಪುರಿಯನ್ನು ಅಂಗೈಯಲ್ಲಿ ಹಿಸುಕಿ ಮೆತ್ತಗೆ ಮಾಡಿ, ತೊಟ್ಟಿನ ಕಡೆ ಕಚ್ಚಿ, ಬಾಯಿಟ್ಟು ಹೀರಿದರು. ನಿಲ್ಲಿಸಿ ಹಣ್ಣನ್ನು ನೋಡಿದರು.

"ಉಪ್ಪು ಹಚ್ಚಿದ್ದೀರಾ?"

ಅವರು ತುಟಿಗೆ ಅಂಟಿದ್ದ ಹಸಿರು ನಾರಿನಂಥದ್ದನ್ನು ಬೆರಳಿನಿಂದ ತೆಗೆದು ಬೆಳಕಿಗೆ ಹಿಡಿದರು.

"ಸಾರ್, ನೀವು ಕೇಳಿದ್ದ ಸ್ಯಾಂಪಲ್ ಅದೇ," ಎಂದೆ.

ನಡೆದದ್ದನ್ನು ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಅದಕ್ಕಿಂತ ಕೆಟ್ಟದ್ದು, ವಕೀಲರಾದರು. ಮಾವನ ಕಡೆ ತಿರುಗಿ, "ಅವಳ ಹುಲ್ಲನ್ನ ನೀವು ಹೇಗೆ ತಗೊಂಡ್ರಿ?" ಎಂದರು.

"ಅವಳ್ದು ಹೆಂಗಾಗ್ತದೆ ಸಾರ್? ಬೀಜ ಹಾಕಿದ್ಳಾ? ನೀರು ಕಟ್ಟಿದ್ಳಾ? ನೀರಾಗೆ ಬೆಳೆದ ಹುಲ್ಲು ಎಲ್ಲಾರ್ದೂ."

"ಕಿತ್ತು ತಂದಳಲ್ಲ?"

"ತಂದ್ಳು. ಕಲ್ಲಿಟ್ಟಿರ್ಲಿಲ್ಲ."

ಮೇಷ್ಟ್ರಿಗೆ ತಿಳಿಯಲಿಲ್ಲ. ಮಾವ ವಿವರಿಸಿದ. ನಮ್ಮ ಕಡೆ ಕೆರೆ ಒಣಗಿದಾಗ ಕೆರೆಯಂಗಳದ ಹುಲ್ಲನ್ನು ಯಾರು ಬೇಕಾದರೂ ಕೊಯ್ಯಬಹುದು. ಕೊಯ್ದವರು ಗುಡ್ಡೆ ಮಾಡಿ ಮೇಲೊಂದು ಕಲ್ಲಿಟ್ಟು ಹೋದರೆ ಅದು ಅವರದು, ವಾರ ಬಿಟ್ಟು ಬಂದರೂ ಯಾರೂ ಮುಟ್ಟುವುದಿಲ್ಲ. ಕಲ್ಲಿಲ್ಲದಿದ್ದರೆ, ಬೇಕಾದವರು ಒಯ್ಯಲಿ ಎಂದು ಬಿಟ್ಟದ್ದು ಎಂದು ಅರ್ಥ.

"ಬಟ್ಟೆ ಹಾಸಿದ್ದೆನಲ್ಲ," ಎಂದೆ.

"ಬಟ್ಟೆ ಕೆಳಗೆ ಹಾಸಿದ್ದೆ. ಕಲ್ಲು ಮೇಲಿಡ್ಬೇಕು. ಇಲ್ಲೇ ಹುಟ್ಟಿ ಬೆಳೆದೋಳು, ನಿಂಗೆ ಗೊತ್ತಿಲ್ವಾ?"

"ನಾನೂ ನೋಡ್ದೆ," ಎಂದು ಅಜ್ಜಿ ಒಳಗಿನಿಂದ ಸಾಕ್ಷಿ ಹೇಳಿದಳು. "ಓದಿರೋ ಹುಡುಗಿ, ಬೇಡಾಂತ ಬಿಟ್ಟವಳೆ ಅಂದ್ಕೊಂಡೆ."

ಮೇಷ್ಟ್ರು ಎರಡನೆಯ ಹಣ್ಣು ತೆಗೆದುಕೊಂಡರು. ನೀರಿನಲ್ಲಿ ಬೆಳೆದದ್ದು ಎಲ್ಲರದು ಎಂಬುದು ನನ್ನ ಪ್ರಬಂಧದ ಮುಖ್ಯ ವಾದ. ಮಾವ ಅದನ್ನು ನನ್ನ ಮೇಲೇ ಜಾರಿ ಮಾಡಿದ್ದ. ಇಲ್ಲಿ ನನಗೆ ಅನುಮಾನ ಬರುತ್ತದೆ. ಮಾವ ಇಷ್ಟು ಅಚ್ಚುಕಟ್ಟಾಗಿ ವಾದಿಸಿದನೇ? ಆ ಅಧ್ಯಾಯವನ್ನು ನಾನು ಬರೆದದ್ದು ಆಮೇಲೆ. ನನ್ನ ವಾಕ್ಯಗಳು ಹಿಂದಕ್ಕೆ ಹೋಗಿ ಅವನ ಬಾಯಿಯಲ್ಲಿ ಕೂತಿರಬಹುದು. ಕಲ್ಲಿನ ಮಾತು ಮಾತ್ರ ಅವನದೇ. ಅಷ್ಟು ಒಳ್ಳೆಯದನ್ನು ಕಟ್ಟುವ ಶಕ್ತಿ ನನಗಿಲ್ಲ.

ಕೈ ತೊಳೆದು ಮೇಷ್ಟ್ರು ತೀರ್ಪು ಕೊಟ್ಟರು. "ಹುಲ್ಲು ಸಾಯ್ತದೋ ಬದುಕ್ತದೋ ಅನ್ನೋದನ್ನ ಬಿಡು. ಅದಕ್ಕೆ ನಿನ್ನ ಹತ್ತಿರ ಆಧಾರ ಇಲ್ಲ. ದಾರಿ ಬಗ್ಗೆ ಮಾತ್ರ ಬರಿ. ಕೆರೆಯ ಈ ಕಲ್ಲಿನ ಪದ್ಧತೀನ ಪಕ್ಕದಲ್ಲಿಟ್ಟು ಬರಿ."

ಹೀಗೆ ವಿಷಯ ನನಗೇ ಉಳಿಯಿತು. ಮಾವ ಬೆಂಗಳೂರಿಗೆಂದು ಅವರಿಗೊಂದು ಬುಟ್ಟಿ ಹಣ್ಣು ಕಟ್ಟಿಕೊಟ್ಟ, ಅದೇ ಹುಲ್ಲು ಹಾಸಿ. ಅಂದರೆ ಸ್ಯಾಂಪಲ್ ತಲುಪಬೇಕಾದ ಕಡೆಗೆ ತಲುಪಿತು. ಮೇಷ್ಟ್ರ ಹೆಂಡತಿ ಅದರಿಂದ ಪಾತ್ರೆ ಉಜ್ಜಿದರು ಎಂದು ಆಮೇಲೆ ಕೇಳಿದೆ.

ಮುಂದಿನ ಬೇಸಿಗೆ ರಜೆಯಲ್ಲಿ ಆ ತೀರಕ್ಕೆ ಹೋದೆ, ಮತ್ತೊಮ್ಮೆ ಹುಲ್ಲು ತರೋಣವೆಂದು. ಬೇಲಿ ಮುಂದಕ್ಕೆ ಬಂದಿತ್ತು. ಹೋದ ವರ್ಷ ಹೊರಗಿದ್ದ ಹುಲ್ಲೂ ಈಗ ಒಳಗಿತ್ತು. ಹೋಲಿಸಲು ಎರಡು ಕಡೆಗಳೇ ಇರಲಿಲ್ಲ. ಹೆಂಗಸರು ಬಹಳ ದೂರ ಸುತ್ತಿ ಇನ್ನೊಂದು ಕಡೆಯಿಂದ ನೀರಿಗೆ ಇಳಿಯುತ್ತಿದ್ದರು. ನನ್ನನ್ನು ಪ್ರಶ್ನೆ ಕೇಳಿದ್ದವಳು ಅವರಲ್ಲಿದ್ದಳೋ ಇಲ್ಲವೋ, ದೂರದಿಂದ ಗುರುತು ಸಿಗಲಿಲ್ಲ. ಪ್ರಬಂಧಕ್ಕೆ ಪದವಿ ಬಂತು. ಅದರಲ್ಲಿ ದಾರಿಯ ಹಕ್ಕಿನ ಬಗ್ಗೆ ನಾನು ಬರೆದದ್ದನ್ನು ಈಗಲೂ ನಂಬುತ್ತೇನೆ.

ಆದರೆ ಗುತ್ತಿಗೆದಾರ ಹೇಳಿದ್ದು ಸುಳ್ಳೇ? ಆ ಹೆಂಗಸರ ಕಾಲಡಿಯ ಹುಲ್ಲು ನಿಜವಾಗಿ ಚೆನ್ನಾಗಿತ್ತೇ? ನನಗೆ ಗೊತ್ತಿಲ್ಲ.