ಸುಲೋಚನಕ್ಕನ ಅರವತ್ತು ಫಾರ್ಮುಗಳು

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಅಚ್ಯುತಾಪುರಂನ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸವೇ ಅಂಥದ್ದು. ಕಣ್ಣೆದುರಿಗೆ ಬಿಳಿ ಪುಡಿ ಇದ್ದರೂ ಪರೀಕ್ಷೆ ಮಾಡದೆ ಬಿಳಿ ಎಂದು ಬರೆಯುವ ಹಾಗಿಲ್ಲ. ಸಂಜೆ ಕೋಟು ಬಿಚ್ಚಿಡುವಾಗ ಈ ಬುದ್ಧಿಯನ್ನೂ ಅಲ್ಲೇ ನೇತುಹಾಕಿ ಬರಬಹುದಿತ್ತು, ನಾನು ಅದನ್ನು ರೂಮಿಗೂ ಹೊತ್ತು ತರುತ್ತಿದ್ದೆ. ಸುಲೋಚನಕ್ಕನ ಬಗ್ಗೆ ಬರೆಯುವ ಮೊದಲು ಇಷ್ಟನ್ನು ಒಪ್ಪಿಕೊಂಡುಬಿಡುತ್ತೇನೆ.

ಸುಲೋಚನಕ್ಕ ನಮ್ಮ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದರು. ಯಾರು ಎಷ್ಟಕ್ಕೆ ಬಂದರು, ಯಾರಿಗೆ ಯಾವ ಪಾಳಿ, ಯಾರ ರಜೆ ಚೀಟಿ ಬಂತು, ಎಲ್ಲ ಅವರ ಕೈಯಲ್ಲಿ. ಅಮ್ಮ ಸಿರುಗುಪ್ಪದವರು, ಅಪ್ಪ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್ ಆಗಿದ್ದ ತೆಲುಗರು. ಹುಟ್ಟಿ ಬೆಳೆದದ್ದು ವಿಜಯವಾಡದ ಕಡೆ, ಮದುವೆಯಾಗಿ ಬಂದದ್ದು ವಿಶಾಖಪಟ್ಟಣದ ಪೆಂಡುರ್ತಿಗೆ. ಮಕ್ಕಳಿಗೆ ಕನ್ನಡ ಬಾರದು, ಅಮ್ಮನ ಫೋನು ವಾರಕ್ಕೊಮ್ಮೆ. ಹಾಗಾಗಿ ದಾವಣಗೆರೆಯವನಾದ ನಾನು ಪೆಂಡುರ್ತಿಯಲ್ಲಿ ಬಸ್ ಹತ್ತಿದ ಮೊದಲ ದಿನವೇ ಅವರು ಪಕ್ಕಕ್ಕೆ ಬಂದು, "ಊಟ ಎಲ್ಲಿ ಮಾಡ್ತೀ ಬಾಬು?" ಎಂದು ಕೇಳಿದ್ದರು. ಇವರಿಗೆ ನನ್ನ ಊಟದ ಚಿಂತೆ ಯಾಕೆ ಎಂದು ನಾನು ಎರಡು ದಿನ ಯೋಚಿಸಿದ್ದೆ.

ಎಂಟು ವರ್ಷದಲ್ಲಿ ಅವರಿಂದಲೇ ಕೆಲಸ ಕಲಿತ ಹುಡುಗರು, ಹೆಸರಿನ ಮುಂದೆ ಎಂಬಿಎ ಇದ್ದ ಕಾರಣಕ್ಕೆ, ಎಚ್ಆರ್ ಆಫೀಸರುಗಳಾಗಿ ಕ್ಯಾಬಿನ್ನಿನಲ್ಲಿ ಕೂತರು. ಅಕ್ಕ ಕಿಟಕಿಯ ಹಿಂದೆಯೇ ಉಳಿದರು. 2016ರಲ್ಲಿ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ತಾವೂ ಆನ್‌ಲೈನ್ ಎಂಬಿಎಗೆ ಸೇರಿದರು. ವಿಷಯ ಮಾನವ ಸಂಪನ್ಮೂಲ. ಮನೆಯಲ್ಲಿ ಓದಲು ಪುರುಸೊತ್ತಿಲ್ಲ, ಆದ್ದರಿಂದ ಕಂಪನಿ ಬಸ್ಸೇ ಅವರ ಕಾಲೇಜು. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ, ಕಿವಿಗೆ ಇಯರ್‌ಫೋನ್, ಮಡಿಲಲ್ಲಿ ನೋಟ್‌ಬುಕ್ಕು.

ಬಸ್ಸಿನಲ್ಲಿ ಗುಸುಗುಸು ಶುರುವಾಯಿತು. "ಅದು ಪಾಠ ಅಲ್ಲ, ನಮ್ಮ ಮಾತು ರೆಕಾರ್ಡ್ ಮಾಡ್ತಿದಾಳೆ" ಎಂದವನು ಪ್ಯಾಕಿಂಗಿನ ಫಣಿ. ತಕ್ಷಣ ಒಪ್ಪಿದವನು ನಾನು. ಮ್ಯಾನೇಜ್‌ಮೆಂಟಿನ ಓದು ಓದುವವರು ಮ್ಯಾನೇಜ್‌ಮೆಂಟಿನ ಕಡೆಯವರಲ್ಲದೆ ಇನ್ಯಾರ ಕಡೆಯವರು? ಅಕ್ಕ ಹತ್ತಿದೊಡನೆ ಸೂಪರ್‌ವೈಸರನನ್ನು ಬೈಯುತ್ತಿದ್ದವರೆಲ್ಲ ಹವಾಮಾನದ ಬಗ್ಗೆ ಮಾತಾಡತೊಡಗಿದರು. ಒಮ್ಮೆ ನಾನು ಕೆಟ್ಟ ಕುತೂಹಲದಿಂದ, "ಏನ್ ಕೇಳ್ತಿದೀರಿ ಅಕ್ಕ?" ಎಂದೆ. ಅವರು ನಗುತ್ತಾ ಇಯರ್‌ಫೋನಿನ ಒಂದು ಎಳೆಯನ್ನು ನನ್ನ ಕಿವಿಗಿಟ್ಟರು. ಯಾರೋ ಮೇಷ್ಟ್ರು ಕಾರ್ಮಿಕರ ಕುಂದುಕೊರತೆಯ ಬಗ್ಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನಾನು ಕೇಳಿದ ಕೂಡಲೇ ಬದಲಾಯಿಸಿಬಿಟ್ಟರು ಎಂದು ಫಣಿಗೆ ಹೇಳಿದೆ.

2018ರ ಆರಂಭದಲ್ಲಿ ಕೊನೆಯ ಪ್ರಾಜೆಕ್ಟ್ ಬಂತು. ಕೆಲಸಗಾರರು ಯಾಕೆ ಬಿಟ್ಟುಹೋಗುತ್ತಾರೆ ಎಂಬುದು ಅಕ್ಕ ಆರಿಸಿಕೊಂಡ ವಿಷಯ. ಎಚ್ಆರ್ ಮುಖ್ಯಸ್ಥ ಜಗನ್ಮೋಹನ್ ಗಾರು ಪ್ರಶ್ನೆಗಳನ್ನು ನೋಡಿ ಒಪ್ಪಿಗೆಯ ರುಜು ಹಾಕಿದ್ದರು. ಅರವತ್ತು ಫಾರ್ಮು, ಹನ್ನೆರಡು ಪ್ರಶ್ನೆ, ಹೆಸರು ಬರೆಯಬೇಕಿಲ್ಲ. ಹೆಸರು ಬೇಡ ಎಂದದ್ದೇ ನನಗೆ ಚುಚ್ಚಿತು. ಹತ್ತು ವರ್ಷದಿಂದ ನಮ್ಮೆಲ್ಲರ ರಜೆ ಚೀಟಿ ಓದಿದವರಿಗೆ ಕೈಬರಹ ಸಾಲದೇ? ಅದರಲ್ಲೂ ಜಗನ್ಮೋಹನ್ ರುಜು ಬೇರೆ. "ಇದು ತೆಗೆದುಹಾಕೋರ ಪಟ್ಟಿ. ಎಲ್ಲದಕ್ಕೂ 'ಬಹಳ ತೃಪ್ತಿ'ಗೆ ಟಿಕ್ ಹಾಕಿ, ಕಣ್ಣು ಮುಚ್ಚಿ" ಎಂದು ಕ್ಯಾಂಟೀನಿನಲ್ಲಿ ಸಾರಿದೆ. ಅರವತ್ತು ಜನವೂ ಹಾಗೇ ಮಾಡಿದರು. ನೀರಿಲ್ಲದ ಶೌಚಾಲಯದ ಬಗ್ಗೆಯೂ ನಾವು ಬಹಳ ತೃಪ್ತರಾಗಿದ್ದೆವು.

ಎರಡು ವಾರದ ನಂತರ ಬೆಳಿಗ್ಗೆ ಅಕ್ಕ ನನ್ನ ಪಕ್ಕ ಕೂತರು. ಕಿವಿಯಲ್ಲಿ ಏನೂ ಇರಲಿಲ್ಲ.

"ಗೈಡ್ ಸಾರು ವಿಡಿಯೋ ಕ್ಲಾಸಲ್ಲಿ ಎಲ್ಲರ ಎದುರಿಗೆ ಅಂದ್ರು ಬಾಬು. ಅರವತ್ತೂ ಒಂದೇ ಉತ್ತರ ಐತೆ, ಮನೇಲಿ ಕೂತು ನೀವೇ ಗೀಚೀರಿ ಅಂತ."

"ಅಯ್ಯೋ. ಆಮೇಲೆ?"

"ಹತ್ತು ದಿನದಾಗೆ ವಿಜಯವಾಡ ಸೆಂಟರಲ್ಲಿ ವೈವಾ. ಆಗಲೂ ಹಿಂಗೇ ಇದ್ರೆ ಪ್ರಾಜೆಕ್ಟು ಕ್ಯಾನ್ಸಲ್. ಜೂನಲ್ಲಿ ಇಲ್ಲಿ ಆಫೀಸರ್ ಪೋಸ್ಟು ಖಾಲಿ ಆಗ್ತೈತೆ. ಡಿಗ್ರಿ ಇಲ್ಲಾಂದ್ರೆ ಅದೂ ಹೋತು." ನನ್ನ ಕಡೆ ತಿರುಗಿ, "ಯಾರು ಹಂಗ ಬರೀರಿ ಅಂದ್ರೋ ನಂಗೊತ್ತಿಲ್ಲ. ನೀ ಒಂದು ಮಾತು ಹೇಳಿದ್ರೆ ಕೇಳ್ತಾರೆ" ಎಂದರು.

ಇದು ಬಾಯಿ ಬಿಡಿಸುವ ಉಪಾಯ ಇರಬಹುದೆಂದು ನನಗೆ ಅನಿಸಿತು. ಕಣ್ಣಲ್ಲಿ ನೀರು ನೋಡಿದ ಮೇಲೂ ಅನಿಸಿತು, ನಾಚಿಕೆಯಾಗುತ್ತದೆ.

"ಮೊದಲು ನೀವು ಬರೀರಿ ಅಕ್ಕ. ಎಲ್ಲರ ಎದುರಿಗೆ" ಎಂದೆ.

ಅವರು ಹಿಂದೆಮುಂದೆ ನೋಡಲಿಲ್ಲ. ಸಂಜೆಯ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ತಮ್ಮ ಫಾರ್ಮನ್ನು ತೆಲುಗಿನಲ್ಲಿ ಗಟ್ಟಿಯಾಗಿ ಓದಿದರು. ಬಡ್ತಿಯಲ್ಲಿ ನ್ಯಾಯವಿದೆಯೇ? ಇಲ್ಲ. ಮೇಲಿನವರನ್ನು ನಂಬುತ್ತೀರಾ? ಇಲ್ಲ. ಬಿಟ್ಟುಹೋಗುವ ಯೋಚನೆ ಬಂದಿದೆಯೇ? ದಿನಾ ಬರುತ್ತದೆ. ಕೊನೆಗೆ, ಯಾರೂ ಕೇಳದಿದ್ದರೂ, ಕೆಳಗೆ ರುಜು ಹಾಕಿದರು. ಮೊದಲು ಕೈಚಾಚಿ ಫಾರ್ಮು ಕೇಳಿದವನು ಫಣಿ.

ಈ ಸಲ ಎಲ್ಲರೂ ಮನಸ್ಸು ಬಿಚ್ಚಿ ಬರೆದರು. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾದರೂ ಬರೆದರು. ನಾನು ಸಾಲ್ವೆಂಟ್ ಕೋಣೆಯಿಂದ ರಾಸಾಯನಿಕದ ಆವಿ ಹೊರಗೆಳೆಯುವ ಫ್ಯಾನಿನ ಬಗ್ಗೆ ಬರೆದೆ. ಅದು ಕೆಟ್ಟು ನಾಲ್ಕು ತಿಂಗಳು, ಒಳಗೆ ಹೋದರೆ ತಲೆ ಸುತ್ತುತ್ತದೆ, ರಿಜಿಸ್ಟರಿನಲ್ಲಿ ಮಾತ್ರ ದಿನಾ ತಿರುಗುತ್ತದೆ. ಆ ಕೋಣೆಯ ಬೀಗದಕೈ ಇದ್ದದ್ದು ಇಬ್ಬರ ಬಳಿ, ಒಬ್ಬ ನಾನು. ಇದು ಹೊಳೆಯುವಷ್ಟರಲ್ಲಿ ಫಾರ್ಮು ಅಕ್ಕನ ಚೀಲ ಸೇರಿತ್ತು. "ನಾನು, ವಿಜಯವಾಡದ ಸಾರು, ಇಬ್ಬರು ಬಿಟ್ಟು ಯಾರೂ ನೋಡಾಕಿಲ್ಲ" ಎಂದು ಅವರು ಎಲ್ಲರಿಗೂ ಮಾತು ಕೊಟ್ಟರು. ಈ ಸಲ ಜಗನ್ಮೋಹನ್ ಗಾರಿಗೆ ಹೇಳಿರಲಿಲ್ಲ, ಹೇಳಿದ್ದರೆ ಬಿಡುತ್ತಲೂ ಇರಲಿಲ್ಲ.

ವೈವಾ ಮುಗಿಸಿ ಅಕ್ಕ ವಿಜಯವಾಡದಿಂದ ಪಾಸಾಗಿ ಬಂದರು. ಅಮ್ಮ ಮಾಡಿಕೊಟ್ಟ ಪೂತರೇಕುಲು ಎಂಬ ಅಕ್ಕಿ ಹಾಳೆಯ ಸಿಹಿಯನ್ನು ಬಸ್ಸಿಗೆಲ್ಲ ಹಂಚಿದರು. ಪ್ರಾಜೆಕ್ಟಿನಲ್ಲಿ ಫ್ಯಾನಿನ ವಿಷಯ ಬರೆದಿರಬಹುದೇ, ಅದರ ಒಂದು ಪ್ರತಿ ಕಂಪನಿಗೆ ಬರಬಹುದೇ ಎಂದು ನಾನು ಸಿಹಿ ಬಾಯಲ್ಲಿಟ್ಟುಕೊಂಡೇ ಲೆಕ್ಕ ಹಾಕಿದೆ.

ಮುಂದಿನ ಬುಧವಾರ ಜಗನ್ಮೋಹನ್ ಗಾರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಕಂದು ಬಣ್ಣದ ಲಕೋಟೆ ಇತ್ತು. ಅವರು ಅದರ ಮೇಲೆ ಕೈಯಿಟ್ಟು, "ಕೂತ್ಕೋ ಆದರ್ಶ್. ಯಾಕೆ ಕರೆಸಿದೆ ಅಂತ ಗೊತ್ತಿರಬೇಕಲ್ಲ" ಎಂದರು.

ಅಕ್ಕ ಫಾರ್ಮು ಕೊಟ್ಟುಬಿಟ್ಟಿದ್ದಾರೆ, ಪೋಸ್ಟಿಗಾಗಿ ಎಲ್ಲ ಕೊಟ್ಟುಬಿಟ್ಟಿದ್ದಾರೆ ಎಂದುಕೊಂಡೆ. "ಸಾರ್, ಫ್ಯಾನಿನ ವಿಷಯ ನಾನು ಬರೆದದ್ದಲ್ಲ" ಎಂದೆ.

ಅವರು ತಲೆ ಎತ್ತಿದರು. "ಯಾವ ಫ್ಯಾನು?"

ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ನಾಲಿಗೆ ನಿಲ್ಲಲಿಲ್ಲ. ಬಸ್ಸು, ಎರಡನೇ ಸಲದ ಫಾರ್ಮು, ಅಕ್ಕ ನಿಂತು ಓದಿದ್ದು, ಎಲ್ಲವನ್ನೂ ಒದರಿದೆ. ಲಕೋಟೆಯಲ್ಲಿದ್ದದ್ದು ನನ್ನ ಕೆಲಸ ಕಾಯಂ ಆದ ಪತ್ರ. ಅವರು ಅದನ್ನು ನಿಧಾನವಾಗಿ ನನ್ನ ಕಡೆ ತಳ್ಳಿ, "ಒಳ್ಳೇದಾಯ್ತು ಹೇಳಿದ್ದು" ಎಂದರು.

ಶುಕ್ರವಾರ ಮಧ್ಯಾಹ್ನ ಟೈಮ್ ಆಫೀಸಿನ ಕಿಟಕಿಯಲ್ಲಿ ಬೇರೆ ಮುಖವಿತ್ತು. ಅಕ್ಕ ಗೇಟಿನ ಹತ್ತಿರ ಚೀಲ ಹಿಡಿದು ಆಟೋಗೆ ಕಾಯುತ್ತಿದ್ದರು. ಜಗನ್ಮೋಹನ್ ಗಾರು ಅವರಿಂದ ರಾಜೀನಾಮೆ ಬರೆಸಿಕೊಂಡಿದ್ದರು. ನಾನು ಹತ್ತಿರ ಹೋಗುವುದೋ ಬೇಡವೋ ಎಂದು ನಿಂತಿದ್ದಾಗ ಅವರೇ ಕೈಬೀಸಿ ಕರೆದರು.

"ಫ್ಯಾನಿನ ವಿಷ್ಯ ಬರ್ದಿದ್ದು ಯಾರಂತ ಭಾಳ ಕೇಳಿದ್ರು. ನಾನೇ ಅಂದೆ. ನೀ ಹೆದರಬ್ಯಾಡ." ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿದರು. "ಆದ್ರೆ ಬಸ್ಸಲ್ಲಿ ಜಾಗ್ರತೆ ಬಾಬು. ನಮ್ಮೋರೇ ಯಾರೋ ಹೇಳ್ಯಾರೆ."

"ಹೂಂ ಅಕ್ಕ" ಎಂದೆ.