ನೀಲತ್ತೆ ಎರಡು ಸಲ ಕೇಳಿದ ಕೊನೆಯ ಸಾಲು

೧೯೭೯ರ ಕಾರ್ತಿಕದಲ್ಲಿ, ಒಂದು ಬುಧವಾರ ಬೆಳಿಗ್ಗೆ, ನನ್ನ ಅಪ್ಪನ ತಂಗಿ ನೀಲವ್ವ ಕೊಟ್ಟೂರಿನ ನಮ್ಮ ಮನೆಯಿಂದ ಗಂಡನ ಊರಿಗೆ ಹೊರಟಳು. ಎರಡು ವರ್ಷದಿಂದ ತವರಿನಲ್ಲಿದ್ದಳು. ಆ ಕಡೆಯಿಂದ ಯಾರೂ ಕರೆಯಲು ಬಂದಿರಲಿಲ್ಲ. ಈ ಕಡೆಯಿಂದ ಯಾರೂ ಹೋಗೆಂದು ಹೇಳಿರಲಿಲ್ಲ. ಆ ವಾರದ ಮೊದಲಿಗೆ ನಮ್ಮ ಮನೆಯಲ್ಲಿ ಒಂದು ಕಾದಂಬರಿ ಓದಿ ಮುಗಿದಿತ್ತು.

ಮೈದಾ ಹಿಟ್ಟಿಗೆ ಮೈಲುತುತ್ತ ಹಾಕಿ ಕುದಿಸಿದ ಅಂಟಿನ ವಾಸನೆ ಎಲ್ಲಿ ಬಂದರೂ ನನಗೆ ಆ ಮನೆ ಎದುರು ನಿಲ್ಲುತ್ತದೆ. ನಮ್ಮ ಮನೆಗೆ ಬರುತ್ತಿದ್ದ ಪುಸ್ತಕಗಳೆಲ್ಲ ಆ ವಾಸನೆಯವು, ಜೊತೆಗೆ ಸೈಕಲ್ಲಿನ ಗ್ರೀಸಿನ ವಾಸನೆ. ಬಸ್ ನಿಲ್ದಾಣದ ದಾರಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಮೌಲಾಸಾಬ್ ಹಿಂದಿನ ಗೋಡೆಗೆ ಒಂದು ಹಲಗೆ ಹೊಡೆದು ಹಳೆಯ ಕಾದಂಬರಿಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಹರಿದವನ್ನು ತಾನೇ ಹೊಲಿದು, ಅಂಟು ಹಚ್ಚಿ, ಟೈರಿನ ಡಬ್ಬಿಯ ರಟ್ಟನ್ನು ಕತ್ತರಿಸಿ ಹೊದಿಕೆ ಹಾಕುತ್ತಿದ್ದ. ಸೈಕಲ್ಲು ತಾಸಿಗೆ, ಪುಸ್ತಕ ದಿನಕ್ಕೆ, ಎರಡರಲ್ಲೂ ಗಾಳಿ ಹೋದರೆ ನನ್ನ ಕೇಳಬೇಡಿ ಎಂದು ಗಿರಾಕಿಗಳಿಗೆ ಹೇಳುತ್ತಿದ್ದನಂತೆ. ಅವನ ಹಲಗೆಯ ಮೇಲೆ ಪುಸ್ತಕಗಳು ಎರಡು ಸಾಲಿನಲ್ಲಿರುತ್ತಿದ್ದವು. ಮೇಲಿನವು ಕೊನೆಗೆ ನಗಿಸುವಂಥವು, ಕೆಳಗಿನವು ಅಳಿಸುವಂಥವು. ಮನೆಯಲ್ಲಿ ಯಾರು ಓದುತ್ತಾರೆ, ಯಾರು ಕೇಳುತ್ತಾರೆ ಎಂದು ವಿಚಾರಿಸಿಕೊಂಡು ಅವನು ಪುಸ್ತಕ ಕೊಡುತ್ತಿದ್ದ. ನಮ್ಮ ಮನೆಗೆ ಮೇಲಿನ ಸಾಲು.

ಓದುವವಳು ನನ್ನ ಅವ್ವ. ಹರಪನಹಳ್ಳಿಯಲ್ಲಿ ಹತ್ತನೆಯ ತರಗತಿ ಮುಗಿಸಿ ಬಂದ ಸೊಸೆ. ಕೇಳುವವರು ಅಜ್ಜಿ, ನೀಲತ್ತೆ, ಒಮ್ಮೊಮ್ಮೆ ಪಕ್ಕದ ಮನೆಯ ಗುರವ್ವ. ನಮ್ಮದು ಮಣ್ಣಿನ ಮಾಳಿಗೆಯ ಮನೆ, ಕಲ್ಲಿನ ಗೋಡೆ ಕೈ ಚಾಚಿದಷ್ಟು ದಪ್ಪ. ಪಡಸಾಲೆಗೆ ಕಿಟಕಿ ಇರಲಿಲ್ಲ, ಮೇಲೆ ಒಂದು ಬೆಳಕಿಂಡಿ ಇತ್ತು. ಮಧ್ಯಾಹ್ನದ ಊಟದ ನಂತರ ಅದರಿಂದ ಒಂದು ತುಂಡು ಬಿಸಿಲು ಬೀಸುಕಲ್ಲಿನ ಹತ್ತಿರ ಬಿದ್ದು, ಹೊತ್ತು ಇಳಿದಂತೆ ಮೂಡಣ ಗೋಡೆಯ ಕಡೆಗೆ ಸರಿಯುತ್ತಿತ್ತು. ಅವ್ವ ಪುಸ್ತಕ ಹಿಡಿದು ಬಿಸಿಲಿನ ಜೊತೆಗೇ ಸರಿಯುತ್ತಿದ್ದಳು. ಉಳಿದವರು ಶೇಂಗಾ ಸುಲಿಯುತ್ತ ಅವಳ ಹಿಂದೆ ಸರಿಯುತ್ತಿದ್ದರು. ಸಿಪ್ಪೆ ಮುರಿಯುವ ಸದ್ದು, ಅದರ ಮಣ್ಣಿನ ವಾಸನೆ, ಅಜ್ಜಿಯ ಬಾಯಿಯ ಎಲೆಅಡಿಕೆ, ನಡುವೆ ಅವ್ವನ ಏರಿಳಿತವಿಲ್ಲದ ದನಿ. ಇಂಥ ಪಡಸಾಲೆಯಲ್ಲಿ ಬೆಳೆದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಬಿಸಿಲು ಗೋಡೆ ಹತ್ತಿ ಮಾಯವಾದ ಮೇಲೆ ಅಜ್ಜಿ ದೀಪದ ಬತ್ತಿ ಹೊಸೆಯಲು ಏಳುತ್ತಿದ್ದಳು. ಆಗ ಓದು ನಿಲ್ಲಬೇಕು.

ನಿಲ್ಲುವುದಕ್ಕೆ ಅಜ್ಜಿಯದೊಂದು ಕಟ್ಟಳೆ ಇತ್ತು. ಮುಸ್ಸಂಜೆಯಲ್ಲಿ ಅಸ್ತು ದೇವತೆಗಳು ಮನೆಮನೆಯ ಮೇಲೆ ತಿರುಗುತ್ತಿರುತ್ತವೆ, ಆ ಹೊತ್ತಿಗೆ ಬಾಯಿಂದ ಬಂದ ಮಾತಿಗೆ ಅಸ್ತು ಅನ್ನುತ್ತವೆ, ಅದು ಹಾಗೇ ಆಗುತ್ತದೆ. ಆದ್ದರಿಂದ ಕೆಟ್ಟ ಮಾತಿನ ಮೇಲೆ ಪುಸ್ತಕ ಮುಚ್ಚಬಾರದು. ನಡುವಿನ ದಿನಗಳಲ್ಲಿ ಇದು ಕಷ್ಟವಿರಲಿಲ್ಲ. ಸಾವಿನ ಪುಟ ಬಂದರೆ ಅವ್ವ ಇನ್ನೊಂದು ಪುಟ ಮುಂದೆ ಓದುತ್ತಿದ್ದಳು. ಕಷ್ಟ ಬರುತ್ತಿದ್ದದ್ದು ಮುಗಿಯುವ ದಿನ. ಮೌಲಾಸಾಬ್ ಎಷ್ಟು ಜಾಗ್ರತೆ ಮಾಡಿದರೂ ಒಂದೊಂದು ಪುಸ್ತಕ ಕೊನೆಯ ಸಾಲಿನಲ್ಲಿ ಕೈ ಕೊಡುತ್ತಿತ್ತು. ಅಂಥ ಸಂಜೆ ಅವ್ವ ಅಚ್ಚಾದದ್ದನ್ನು ಬಿಟ್ಟು ತನ್ನದೊಂದು ಸಾಲು ಹೇಳಿ ಪುಸ್ತಕ ಮುಚ್ಚುತ್ತಿದ್ದಳು. ಸತ್ತವನು ಕಣ್ಣು ತೆರೆಯುತ್ತಿದ್ದ, ಹೋದವಳು ಬಾಗಿಲಲ್ಲಿ ನಿಂತಿರುತ್ತಿದ್ದಳು. ಅಜ್ಜಿಗೆ ಇದು ಗೊತ್ತಿತ್ತು, ಅವಳೇ ಹೇಳಿಕೊಟ್ಟದ್ದು. ನೀಲತ್ತೆಗೆ ಗೊತ್ತಿರಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ.

ನೀಲತ್ತೆಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ಉದ್ದನೆಯ ಹೆಣ್ಣು, ನಗುವಾಗ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಅವಳ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಗಂಡನ ಮನೆಯಲ್ಲಿ ಬಚ್ಚಲ ಹಂಡೆ ಉರುಳಿ ಬಿಸಿನೀರು ಬಿತ್ತು ಎಂದು ಬಂದ ದಿನವೇ ಹೇಳಿದ್ದಳಂತೆ. ಬಚ್ಚಲ ಹಂಡೆಯನ್ನು ಒಲೆಗೆ ಮಣ್ಣು ಮೆತ್ತಿ ಕೂರಿಸಿರುತ್ತಾರೆ, ಅದು ಉರುಳುವಂಥದ್ದಲ್ಲ. ಇದು ಮನೆಯ ಹೆಂಗಸರಿಗೆಲ್ಲ ಗೊತ್ತಿತ್ತು. ಯಾರೂ ಎರಡನೆಯ ಮಾತು ಕೇಳಲಿಲ್ಲ. ಅಪ್ಪ ಹಿರಿಯರನ್ನು ಕರೆದುಕೊಂಡು ಒಮ್ಮೆ ಆ ಊರಿಗೆ ಹೋಗಿ ಬಂದಿದ್ದ. ಹಡಗಲಿ ಕಡೆ, ಇಟ್ಟಿಗಿಯಿಂದ ಒಳಗೆ, ಹೊಳೆಗೆ ಹತ್ತಿರದ ಸಣ್ಣ ಹಳ್ಳಿ. ಮಾತು ಜಗಳಕ್ಕೆ ತಿರುಗಿ, ಊಟ ಮಾಡದೆ ಎದ್ದು ಬಂದಿದ್ದರು. ಆಮೇಲೆ ಆ ಹೆಸರು ಮನೆಯಲ್ಲಿ ಬರುತ್ತಿರಲಿಲ್ಲ. ನಳದ ಹತ್ತಿರ ಮಾತ್ರ ಬರುತ್ತಿತ್ತು. ಗುರವ್ವ ಕೊಡ ಎತ್ತಿಕೊಳ್ಳುತ್ತ, ನಾಲ್ಕು ಜನ ಕೇಳುವಂತೆ, “ನೀಲವ್ವ, ನಿನ್ನ ಗಂಡನ ಊರಿಗೆ ಬಸ್ಸು ನಿಂತತೇನು?” ಎಂದು ಕೇಳುತ್ತಿದ್ದಳು. ನೀಲತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಂತೆ ಮಾಡುತ್ತಿದ್ದಳು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮೌಲಾಸಾಬನ ಮೇಲಿನ ಸಾಲು ನಮ್ಮ ಮನೆಯಲ್ಲಿ ಓದಿ ಮುಗಿದಿತ್ತು. ಅಪ್ಪ ಕೆಳಗಿನ ಸಾಲಿನಿಂದ ಒಂದು ಪುಸ್ತಕ ತೆಗೆದ. ಹಳೆಯದು, ಹಿರಿಯರೆಲ್ಲ ಓದಿ ಹೊಗಳಿದ್ದು. ಮೊದಲ ಹಾಳೆಗಳು ಹೋಗಿದ್ದರಿಂದ ಹೆಸರು ಇರಲಿಲ್ಲ. “ಅದು ಬ್ಯಾಡ್ರಿ ಅಣ್ಣಾರ, ಕಡಿಗೆ ಭಾಳ ಕೆಟ್ಟ ಐತಿ,” ಎಂದು ಮೌಲಾಸಾಬ್ ಹೇಳಿದನಂತೆ. ಅಪ್ಪ ನಕ್ಕು ತಂದ. ಕಥೆಯ ಹೆಣ್ಣನ್ನು ಅತ್ತೆ ಮಳೆಯಲ್ಲಿ ಮನೆಯಿಂದ ಹೊರಗೆ ಹಾಕುತ್ತಾಳೆ. ಅವಳು ಊರೂರು ತಿರುಗಿ, ಕಂಡವರ ಮನೆಯ ಕಸ ಮುಸುರೆ ಮಾಡಿ, ವರ್ಷಗಳ ಮೇಲೆ ಅದೇ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅವ್ವ ಮೊದಲ ದಿನವೇ ಕೊನೆಯ ಪುಟ ತಿರುವಿ ನೋಡಿದ್ದಳು. ಬಿಟ್ಟುಬಿಡೋಣವೆಂದು ಅಜ್ಜಿಗೂ ಹೇಳಿದ್ದಳು. ನಡುವೆ ಬಿಟ್ಟ ಕಥೆ ಮನೆಗೆ ಒಳ್ಳೆಯದಲ್ಲ ಎಂದು ಅಜ್ಜಿ ಒಪ್ಪಲಿಲ್ಲ.

ಆ ದಿನಗಳಲ್ಲಿ ನೀಲತ್ತೆ ಬದಲಾದದ್ದು ನನ್ನ ಕಣ್ಣಿಗೂ ಬಿತ್ತು. ಶೇಂಗಾ ಸುಲಿಯುವುದು ಬಿಟ್ಟು ಅವ್ವನ ಬಾಯಿ ನೋಡುತ್ತ ಕೂರುತ್ತಿದ್ದಳು. ಕಥೆಯ ಅತ್ತೆ ಮಾತಾಡುವ ಪುಟ ಬಂದರೆ ಬಲಗೈಯಿಂದ ಎಡಗೈ ಮುಚ್ಚಿಕೊಳ್ಳುತ್ತಿದ್ದಳು. ದೀಪ ಹಚ್ಚಿದ ಮೇಲೆ ಅಡಿಗೆಮನೆಯಲ್ಲಿ ಅವ್ವನ ಹಿಂದೆಯೇ ತಿರುಗಿ, ಅಕಿ ಮುಂದ ಏನು ಮಾಡ್ತಾಳ, ಒಳಗ ಕರಕೊಂತಾರೇನು ಎಂದು ಕೇಳುತ್ತಿದ್ದಳು. ಅವ್ವ ರೊಟ್ಟಿ ಬಡಿಯುತ್ತ, ತನಗೂ ಗೊತ್ತಿಲ್ಲ, ನಾಳೆ ಓದಿದರೆ ತಿಳಿಯುತ್ತದೆ ಎನ್ನುತ್ತಿದ್ದಳು.

ಕೊನೆಯ ಪುಟಕ್ಕೆ ಬಂದ ದಿನ ಮೋಡ ಮುಸುಕಿತ್ತು. ಬಿಸಿಲಿನ ತುಂಡು ಬೇಗ ಹೋಯಿತು. ಅಜ್ಜಿ ಬತ್ತಿ ಹಿಡಿದು ನಿಂತಿದ್ದಳು. ಕಥೆಯ ಹೆಣ್ಣು ಬಾಗಿಲಲ್ಲಿ ನಿಂತಿದ್ದಳು. ನಮ್ಮ ಕಡೆ ಹೊರಗಿನಿಂದ ಬಂದವರಿಗೆ ಮೊದಲು ತಂಬಿಗೆಯಲ್ಲಿ ಕಾಲಿಗೆ ನೀರು ಕೊಡುತ್ತಾರೆ. ನೀರು ಕೊಟ್ಟರೆ ಒಳಗೆ ಬಾ ಎಂದ ಹಾಗೆ. ಅವ್ವ ಪುಟದ ಮೇಲೆ ಕಣ್ಣಿಟ್ಟು, “ಅತ್ತೆ ತಾನೇ ತಂಬಿಗೆ ಹಿಡಿದು ಬಂದು ಸೊಸೆಯ ಕಾಲಿಗೆ ನೀರು ಕೊಟ್ಟಳು,” ಎಂದು ಹೇಳಿ ಪುಸ್ತಕ ಮುಚ್ಚಿದಳು. ಅಜ್ಜಿ ದೀಪ ಹಚ್ಚಿದಳು. ನೀಲತ್ತೆ ಬಹಳ ಹೊತ್ತು ಏಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅದು ಎಷ್ಟೋ ಸಂಜೆಗಳಲ್ಲಿ ಒಂದಾಗುತ್ತಿತ್ತು. ಮಾರನೆಯ ಬೆಳಿಗ್ಗೆ ಅವ್ವ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದಾಗ ನೀಲತ್ತೆ ಪುಸ್ತಕ ತೆಗೆದುಕೊಂಡು ಬಂದಳು. ನಾನು ಪಕ್ಕದಲ್ಲೇ ಬೂದಿಯಿಂದ ಹಲ್ಲು ತಿಕ್ಕುತ್ತಿದ್ದೆ. ಆಕಾಶ ತಿಳಿಯಾಗಿತ್ತು, ಬಿಸಿಲು ಚೆನ್ನಾಗಿ ಬಿದ್ದಿತ್ತು.

“ಅತ್ತಿಗಿ, ಕಡೀದೊಂದು ಸಾಲು ಇನ್ನೊಮ್ಮಿ ಓದು.”

ಅವ್ವ ಕೈ ತೊಳೆದು ಸೀರೆಗೆ ಒರೆಸಿಕೊಂಡು ಪುಟ ತೆರೆದಳು. ಹಿಂದಿನ ಸಂಜೆ ಹೇಳಿದ್ದನ್ನೇ ಹೇಳಿದಳು.

“ಪುಸ್ತಕದಾಗ ಹಂಗ ಐತೇನು?”

“ಹಂಗ ಐತವ್ವ.”

“ಅಂಥಾ ಅತ್ತಿನೂ ನೀರು ಕೊಟ್ಟಳಂದ್ರ,” ಎಂದು ನೀಲತ್ತೆ ಹೇಳಿ ಮಾತು ಅಲ್ಲಿಗೇ ಬಿಟ್ಟಳು. ಪುಸ್ತಕ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು.

ಆ ಬೆಳಿಗ್ಗೆ ಮುಸ್ಸಂಜೆಯ ಕಟ್ಟಳೆ ಇರಲಿಲ್ಲವಲ್ಲ, ನಿಜ ಯಾಕೆ ಓದಲಿಲ್ಲ ಎಂದು ದೊಡ್ಡವಳಾದ ಮೇಲೆ ನಾನು ಅವ್ವನನ್ನು ಒಮ್ಮೆ ಕೇಳಿದ್ದೇನೆ. ಅವಳ ಮುಖ ನೋಡಿ ಆಗಲಿಲ್ಲ ಎಂದಳು.

ಮಂಗಳವಾರ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ನೀಲತ್ತೆ ಬುಧವಾರದವರೆಗೆ ಕಾದಳು. ಜೊತೆಗೆ ಬರುತ್ತೇನೆಂದ ಅಪ್ಪನನ್ನು ಬೇಡವೆಂದಳು. ಅಣ್ಣ ಬಂದರೆ ಮತ್ತೆ ಪಂಚಾಯಿತಿಗೆ ಬಂದರೆಂದು ಅವರು ತಿಳಿಯುತ್ತಾರೆ, ಒಬ್ಬಳೇ ಹೋಗಿ ನಿಂತರೆ ಮನಸ್ಸು ಕರಗುತ್ತದೆ ಎಂಬುದು ಅವಳ ಲೆಕ್ಕ. ಅಜ್ಜಿ ಬೇಡವೆನ್ನಲಿಲ್ಲ. ಮಗಳು ತಾನಾಗಿಯೇ ಬಾಳುವೆಗೆ ಹೊರಟಾಗ ಅಡ್ಡ ಮಾತು ಆಡಬಾರದೆಂದು ಹಸಿರು ಸೀರೆ ಉಡಿಸಿ ಉಡಿ ತುಂಬಿದಳು. ಅವ್ವ ಬುತ್ತಿ ಕಟ್ಟಿದಳು. ಎರಡು ಸಲ ಬಾಗಿಲವರೆಗೆ ಹೋಗಿ ಏನೋ ಹೇಳಲು ನಿಂತು ಒಳಗೆ ಬಂದಳು. ಗುರವ್ವ ತನ್ನ ಕಟ್ಟೆಯ ಮೇಲಿಂದ, ಬಸ್ಸು ಕಡೆಗೂ ಬಂತು ಬಿಡು ಎಂದಳು. ಈ ಸಲ ನೀಲತ್ತೆ ನಿಜವಾಗಿ ನಕ್ಕಳು.

ಮಗಳು ಬಾಳುವೆಗೆ ಹೋದ ತಿಂಗಳೊಳಗೆ ತವರಿನಿಂದ ರೊಟ್ಟಿಬುತ್ತಿ ಒಯ್ಯುವುದು ವಾಡಿಕೆ. ಅಪ್ಪ ಬುತ್ತಿ ಹೊತ್ತು ಆ ಊರಿಗೆ ಹೋದ. ಬುತ್ತಿ ಬಿಚ್ಚದೆ ಮರಳಿ ತಂದ. ಪಡಸಾಲೆಯಲ್ಲಿ ಗಂಟು ಇಳಿಸಿ, ನೀಲತ್ತೆಯ ಅತ್ತೆ, ಆ ಮುದುಕಿ, ಹೇಳಿದ್ದನ್ನು ಅವಳು ಹೇಳಿದಂತೆಯೇ ಹೇಳಿದ. “ಬಂದಿದ್ದಳಪ್ಪ. ಹೊತ್ತು ಮುಳುಗೋತನಕ ಬಾಗಿಲದಾಗ ನಿಂತಿದ್ದಳು. ಕಾಲಿಗೆ ನೀರು ಕೊಡವ್ವ ಅಂದಳು. ನಾವು ಕೊಡಲಿಲ್ಲ.” ಗಂಡ ಎತ್ತಿನ ಪಕ್ಕ ನಿಂತಿದ್ದವನು ತಲೆ ಎತ್ತಲಿಲ್ಲವಂತೆ. ಅಲ್ಲಿಂದ ಅವಳು ಎತ್ತ ಹೋದಳೆಂದು ಅಪ್ಪ ಊರಲ್ಲಿ ಕೇಳಿದ. ಹಿಟ್ಟಿನ ಗಿರಣಿಯವನು ಹೊಳೆಯ ದಾರಿ ಹಿಡಿದಳೆಂದ. ಗಾಡಿ ಹೊಡೆದುಕೊಂಡು ಬರುತ್ತಿದ್ದವನೊಬ್ಬ ಹಡಗಲಿ ಬಸ್ಸಿನ ರಸ್ತೆಯಲ್ಲಿ ಕಂಡೆನೆಂದ. ಇಬ್ಬರೂ ಅದೇ ಸಂಜೆಯ ಮಾತು ಹೇಳಿದರು, ಇಬ್ಬರೂ ಅದೇ ಹಸಿರು ಸೀರೆ ಹೇಳಿದರು. ಪೊಲೀಸರು ದೂರು ಬರೆದುಕೊಂಡರು. ಹರಿಗೋಲಿನವರು ಹೊಳೆಯಲ್ಲಿ ಹುಡುಕಿದರು. ಏನೂ ಸಿಗಲಿಲ್ಲ.

ಅಪ್ಪ ಹೇಳಿ ಮುಗಿಸುವವರೆಗೆ ಅವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಆ ಗಲಿಬಿಲಿಯಲ್ಲಿ ಪುಸ್ತಕ ವಾಪಸು ಹೋಗಿರಲಿಲ್ಲ. ಅವಳು ಅದನ್ನು ತಂದು ಅಜ್ಜಿಯ ಮುಂದೆ ಕೂತು, ನಾನು ಹೇಳಿದ್ದು ಇದರಲ್ಲಿ ಇಲ್ಲ ಎಂದಳು. ಅಪ್ಪನಿಗೆ ಅರ್ಥವಾಗಲಿಲ್ಲ. ಅಜ್ಜಿಗೆ ಆಯಿತು. ಅವಳು ಮೇಲೆ ಬೆಳಕಿಂಡಿ ನೋಡಿದಳು.

“ಇನ್ನಾ ಬೆಳಕೈತಿ. ಇದ್ದಂಗ ಓದು.”

ಅವ್ವ ಓದಿದಳು: “ಕಾಲಿಗೆ ನೀರು ತರಲು ಒಳಗಿನಿಂದ ಯಾರೂ ಏಳಲಿಲ್ಲ.”

ಅಜ್ಜಿ ಇನ್ನೊಮ್ಮೆ ಓದಿಸಿದಳು. ಆಮೇಲೆ ಎದ್ದು ಬತ್ತಿ ಹೊಸೆಯಲು ಹೋದಳು. ಅವ್ವನಿಗೆ ಒಂದು ಮಾತೂ ಅನ್ನಲಿಲ್ಲ, ಆ ದಿನವೂ ಇಲ್ಲ, ಮುಂದೆಯೂ ಇಲ್ಲ. ಅದೇ ಅವ್ವನಿಗೆ ತಡೆಯಲಾಗಲಿಲ್ಲ. ಪುಸ್ತಕ ತಿರುಗಿ ಕೊಡುವಾಗ ಮೌಲಾಸಾಬ್, ಅಕ್ಕಾರು ಅತ್ತರೇನ್ರಿ ಎಂದು ಕೇಳಿದನಂತೆ. ಅಪ್ಪ ಹೌದೆಂದು ಬಂದ. ನಮ್ಮ ಮನೆಗೆ ಮತ್ತೆ ಬಾಡಿಗೆ ಪುಸ್ತಕ ಬರಲಿಲ್ಲ. ಮಧ್ಯಾಹ್ನದ ಬಿಸಿಲಿನ ತುಂಡು ಬೀಸುಕಲ್ಲಿನಿಂದ ಮೂಡಣ ಗೋಡೆಯವರೆಗೆ ತಾನೊಂದೇ ಸರಿಯುತ್ತಿತ್ತು.

ಅಜ್ಜಿ ಬಸ್ಸಿನ ರಸ್ತೆಯ ಮಾತು ನಂಬಿದಳು. ಅವ್ವ ಹೊಳೆಯ ದಾರಿಯ ಮಾತು ನಂಬಿದಳು. ಇಬ್ಬರೂ ಒಂದೇ ಒಲೆಯ ಮುಂದೆ ಏಳು ವರ್ಷ ಕೂತು ಅದನ್ನು ಒಮ್ಮೆಯೂ ಮಾತಾಡಲಿಲ್ಲ. ರಾತ್ರಿ ಅಜ್ಜಿ ನಮಗೆ ಕಥೆ ಹೇಳುವುದನ್ನು ಬಿಡಲಿಲ್ಲ. ಆದರೆ ನಮ್ಮ ಕಡೆಯ ಕಥೆಗಳಿಗೆಲ್ಲ ಇರುವ ಮುಕ್ತಾಯ, ಅವರು ಅಲ್ಲೇ ಅದಾರ, ನಾವು ಇಲ್ಲೇ ಅದೀವಿ ಎನ್ನುವ ಮಾತು, ಅವಳ ಬಾಯಲ್ಲಿ ನಿಂತುಹೋಯಿತು. ಕಥೆ ಮುಗಿಯಿತೇನಜ್ಜಿ ಎಂದು ಕೇಳಿದರೆ, ಇನ್ನಾ ಇಲ್ಲ, ಮಕ್ಕೋರಿ ಎನ್ನುತ್ತಿದ್ದಳು.

ಅಜ್ಜಿ ೧೯೮೬ರ ಬೇಸಿಗೆಯಲ್ಲಿ ತೀರಿಕೊಂಡಳು. ಬೆಳಿಗ್ಗೆ ಜೀವ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಕೂಡ್ಲಿಗಿಯವರು, ಹರಪನಹಳ್ಳಿಯವರು ಎಲ್ಲ ಬಂದು ಸೇರಿದ್ದರು. ಮಣ್ಣು ಮಾಡುವ ಮುಂಚೆ ಹೆಣ್ಣುಮಕ್ಕಳು ಬಂದು ತಾಯಿಯ ಮುಖ ನೋಡಬೇಕು. ಎತ್ತೋಣವೇ, ಇನ್ನು ಬರುವವರು ಯಾರಾದರೂ ಇದ್ದಾರೆಯೇ ಎಂದು ಹಿರಿಯರೊಬ್ಬರು ಅಪ್ಪನನ್ನು ಕೇಳಿದರು. ಅವ್ವ ಹೆಂಗಸರ ನಡುವಿನಿಂದ ಎದ್ದು ನಿಂತು, “ಹಡಗಲಿ ಬಸ್ಸು ಬರೋತನಕ ತಡೀರಿ,” ಎಂದಳು. ಅವಳು ಚಪ್ಪಲಿ ಹಾಕದೆ ಬಸ್ ನಿಲ್ದಾಣಕ್ಕೆ ಹೋದಳು. ಬಸ್ಸು ತಡವಾಗಿ ಬಂತು. ಅವ್ವ ಒಬ್ಬಳೇ ತಿರುಗಿ ಬಂದಳು. ಹೊತ್ತು ಮುಳುಗುವ ಮುಂಚೆ ಅಜ್ಜಿಯನ್ನು ಮಣ್ಣು ಮಾಡಿದೆವು.