ಅವ್ವ ಗುಡ್ಡ ಹತ್ತಿ ನೋಡಿದ ಮನೆ

ನಮ್ಮ ಕಡೆ ಗುಡ್ಡ ಹತ್ತುವುದಕ್ಕೆ ಒಂದು ಕಾರಣ ಬೇಕಿತ್ತು. ದನ ತಪ್ಪಿಸಿಕೊಂಡಿರಬೇಕು, ಇಲ್ಲವೇ ಸೌದೆಯೋ ಸೀಗೆಕಾಯಿಯೋ ತರುವುದಿರಬೇಕು. ಸುಮ್ಮನೆ ನೋಡಲೆಂದು ಹತ್ತುತ್ತಿದ್ದವರು ಪಕ್ಕದ ಎಸ್ಟೇಟಿನ ಬಿಳಿ ದೊರೆ ಮತ್ತು ಅವರ ನಾಯಿ ಮಾತ್ರ. ನಮ್ಮವ್ವ ಹತ್ತಿದ್ದೂ ನೋಡುವುದಕ್ಕೇ. ಮನೆಯಲ್ಲಿ ಹೇಳಿದ್ದು ಮಾತ್ರ ಸೀಗೆಕಾಯಿ ಅಂತ.

ಆಗ ಯುದ್ಧದ ಕಾಲ, ಸೀಮೆಎಣ್ಣೆಗೆ ಮೂಡಿಗೆರೆಯಲ್ಲೂ ಬರ. ಆ ಬೇಸಿಗೆ ಸಂಸೆ ಕಡೆಯಿಂದ ನನಗೊಂದು ಸಂಬಂಧ ಬಂತು. ಹುಡುಗನ ಮನೆ ನಮ್ಮ ಹಿಂದಿನ ಗುಡ್ಡದ ಆಚೆ ಬುಡದಲ್ಲಿ. ಗಾಡಿ ದಾರಿಯಲ್ಲಿ ಹೋದರೆ ಸುತ್ತಿ ಬಳಸಿ ಒಂದು ಹಗಲೇ ಬೇಕು. ಹೆಣ್ಣು ಕೊಡುವ ಮೊದಲು ಮನೆ ನೋಡಿ ಬರುವುದು ಪದ್ಧತಿ, ನೋಡುವವರು ಗಂಡಸರು. ಅಪ್ಪ ಮತ್ತು ದೊಡ್ಡಪ್ಪ ಹೋಗಿ, ಕಡುಬು ಕೋಳಿಸಾರು ಉಂಡು ಬಂದು, ಹಂಚಿನ ಮನೆ, ದೊಡ್ಡ ಕಣ, ಒಳ್ಳೆ ಕಾಫಿ ತೋಟ ಎಂದು ವರದಿ ಒಪ್ಪಿಸಿದರು.

"ನೀರು?" ಎಂದಳು ಅವ್ವ.

"ನೀರಿಲ್ದೆ ಊಟ ಹಾಕ್ತಾರೇನೆ? ಚೆಂಬಲ್ಲಿ ತಂದುಕೊಟ್ರು," ಎಂದರು ಅಪ್ಪ.

ಸೀಗೆಕಾಯಿ ಮುಗಿದಿದೆ, ನಾಳೆ ಗುಡ್ಡದಿಂದ ತರಬೇಕು ಎಂದಳು ಅವ್ವ. ಅವಳು ಮಾತು ಬದಲಿಸಿದಳೆಂದರೆ ಏನೋ ಹೂಡುತ್ತಿದ್ದಾಳೆಂದೇ ಅರ್ಥ. ಬರುವ ಸೋಮವಾರ ವೀಳ್ಯ ಬದಲಾಯಿಸುವುದಿತ್ತು. ಅದಾದ ಮೇಲೆ ಬೇಡ ಅನ್ನುವ ಹಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು, ಖಾಲಿ ಚೀಲ ಹಿಡಿದು ಅವ್ವನೂ ನಾನೂ ಹೊರಟೆವು. ತೋಟ ದಾಟಿ, ಕಾಡಿನ ಅಂಚಿನ ಚೌಡಿ ಕಲ್ಲಿಗೆ ಒಂದು ಹಿಡಿ ಸೊಪ್ಪು ಹಾಕಿ ಹತ್ತಿದೆವು. ಕಾಡು ಮುಗಿದ ಮೇಲೆ ಬರೀ ಹುಲ್ಲು. ಒಣಗಿದ ಹುಲ್ಲಿನ ಮೇಲೆ ಬರಿಗಾಲು ಜಾರುತ್ತಿತ್ತು. ದಾರಿಯಲ್ಲಿ ಸೀಗೆಬಳ್ಳಿ ಸಿಕ್ಕಿತು. ಅವ್ವ ಅದರ ಕಡೆ ತಿರುಗಿಯೂ ನೋಡಲಿಲ್ಲ.

ನೆತ್ತಿ ತಲುಪಿದಾಗ ನನಗೆ ಬಂದ ಕೆಲಸವೇ ಮರೆಯಿತು. ಪಡುವಣಕ್ಕೆ ಕುದುರೆಮುಖದ ಸಾಲು, ಒಂದರ ಹಿಂದೊಂದು ನೀಲಿ ಗುಡ್ಡ, ನಡುವೆ ಗದ್ದೆಗಳು. ಹುಟ್ಟಿದಾಗಿನಿಂದ ಬುಡದಲ್ಲೇ ಇದ್ದವಳು ಇದನ್ನೆಲ್ಲ ನೋಡಿರಲೇ ಇಲ್ಲ.

"ಅದು ಎಲ್ಲೂ ಹೋಗಲ್ಲ ಮಾರಾಯ್ತಿ, ಮನೆ ನೋಡು," ಎಂದಳು ಅವ್ವ.

ಮನೆ ನೇರ ಕೆಳಗೆ ಒಂದು ದಿಬ್ಬದ ಮೇಲಿತ್ತು. ಹಳ್ಳ ಅದಕ್ಕಿಂತ ಎಷ್ಟೋ ಕೆಳಗೆ. ಹಳ್ಳದಿಂದ ಒಬ್ಬ ಹೆಂಗಸು ತಲೆಯ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತು ಹತ್ತುತ್ತಿದ್ದಳು. ಅರ್ಧ ದಾರಿಯಲ್ಲಿ ನಿಂತಳು. ಬಹಳ ಹೊತ್ತು ನಿಂತೇ ಇದ್ದಳು.

"ಸುಸ್ತಾಗಿರ್ಬೇಕು ಪಾಪ," ಎಂದೆ.

ನಾವು ರೊಟ್ಟಿ ತಿಂದು ಮುಗಿಸುವಷ್ಟರಲ್ಲಿ ಆಕೆ ಮತ್ತೆ ಖಾಲಿ ಬಿಂದಿಗೆ ಹಿಡಿದು ಇಳಿಯುತ್ತಿದ್ದಳು. ಅವ್ವನ ಕಣ್ಣು ಆಗ ಬೇರೆ ಕಡೆ ಇತ್ತು. ಮನೆಗಿಂತ ಮೇಲೆ, ಗುಡ್ಡದ ಮಗ್ಗುಲಲ್ಲಿ, ಆ ಬಿರುಬೇಸಿಗೆಯಲ್ಲೂ ಒಂದು ಪಟ್ಟೆ ಹಸಿರಾಗಿತ್ತು, ಕೆಸುವಿನ ಎಲೆ ದಟ್ಟವಾಗಿತ್ತು.

"ಒರತೆ ತಲೆ ಮೇಲೇ ಇದೆ. ಅಡಿಕೆ ಮರ ಸೀಳಿ ನಾಕು ದಬ್ಬೆ ಜೋಡಿಸಿದ್ರೆ ನೀರು ತಾನಾಗೇ ಹಿತ್ತಿಲಿಗೆ ಇಳಿಯುತ್ತೆ. ಹೊರೋರು ಗಂಡಸ್ರಾಗಿದ್ರೆ ಯಾವತ್ತೋ ಆಗಿರೋದು," ಎಂದಳು.

ಸಂಜೆ ಅಪ್ಪ ಖಾಲಿ ಚೀಲ ನೋಡಿ, "ಸೀಗೆಕಾಯಿ ಎಲ್ಲಿ?" ಎಂದರು.

"ಸೀಗೆಕಾಯಿ ಇಲ್ಲ. ಆ ಮನೆ ನೋಡ್ಕಂಡು ಬಂದೆ. ದಬ್ಬೆ ನೀರು ಹಿತ್ತಿಲಿಗೆ ಬಂದ್ಮೇಲೆ ವೀಳ್ಯ."

ಅಪ್ಪ ರೇಗಿದರು. ಹೆಣ್ಣು ಕೊಡುವವರು ಷರತ್ತು ಹಾಕುವುದುಂಟೇ? "ದೂರದ ಬೆಟ್ಟ ನುಣ್ಣಗೆ ಅಂತಾರೆ, ನೀನು ಬೆಟ್ಟ ಹತ್ತಿ ಮನೆ ನೋಡ್ತೀಯಾ?"

"ಬೆಟ್ಟದ ಮೇಲಿಂದ ನೋಡಿದ್ರೆ ನೀವು ಹೇಳಿದ್ ಮನೇನೂ ನುಣ್ಣಗಿಲ್ಲ."

ಅವ್ವ ಪಟ್ಟು ಬಿಡಲಿಲ್ಲ, ಸೋಮವಾರ ವೀಳ್ಯದ ಬದಲು ಅವಳ ಷರತ್ತಿನ ಮಾತು ಹೋಯಿತು. ಆ ಕಡೆಯಿಂದ ಉತ್ತರವಿಲ್ಲ. ಹೂಮಳೆ ಬಂತು, ಕಾಫಿ ಹೂ ಅರಳಿ ಉದುರಿತು, ಆಗಲೂ ಇಲ್ಲ. ಮುರಿದ ಸಂಬಂಧದ ಹುಡುಗಿಯನ್ನು ಯಾರು ಕೇಳುತ್ತಾರೆಂದು ನನಗೆ ಹೆದರಿಕೆ. ಅವ್ವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಕೊನೆಗೊಂದು ಸಂತೆಯ ದಿನ, ದಬ್ಬೆ ಹಾಕಿಸಿದ್ದೇವೆ, ಬಂದು ನೋಡಬಹುದು ಎಂದು ಹೇಳಿಕಳಿಸಿದರು. ಅಪ್ಪ ಮೀಸೆ ತಿರುವಿಕೊಂಡು, ಎಲ್ಲ ತಮ್ಮದೇ ಉಪಾಯವೆಂಬಂತೆ ಹೊರಟರು.

ಮದುವೆಯಾಗಿ ಹೋದ ಮೊದಲ ಬೆಳಿಗ್ಗೆ ಹಿತ್ತಿಲಲ್ಲಿ ಅತ್ತೆ ದಬ್ಬೆಯ ಕೆಳಗೆ ಕೈ ಒಡ್ಡಿ ನಿಂತಿದ್ದರು. ಹಂಡೆ ತುಂಬಿ ಹರಿಯುತ್ತಿತ್ತು.

"ನಿಮ್ಮವ್ವ ಇಲ್ಲಿಗೆ ಬಂದೇ ಇರ್ಲಿಲ್ಲ. ಮೇಲೆ ಒರತೆ ಇರೋದು ಹೆಂಗೆ ಗೊತ್ತಾಯ್ತೆ?"

ನಾನು ಗುಡ್ಡದ ನೆತ್ತಿ ತೋರಿಸಿದೆ.

"ಅವ್ರು ನೀವೇನಾ? ಅವತ್ತು ಬಿಂದಿಗೆ ಹೊತ್ಕಂಡೇ ನಿಂತು ನೋಡಿದ್ದೆ ಕಣೇ. ಗುಡ್ಡ ಹತ್ತಕ್ಕೂ ಪುರುಸೊತ್ತಿದೆ, ಪುಣ್ಯವಂತ್ರು ಅಂದ್ಕಂಡಿದ್ದೆ," ಎಂದರು ಅತ್ತೆ.

ಮುಂದಿನ ಬೇಸಿಗೆ ಅವರನ್ನು ಕರೆದುಕೊಂಡು ಹತ್ತಿದೆ. ಮನೆಯಲ್ಲಿ ಸೀಗೆಕಾಯಿ ಅಂತಲೇ ಹೇಳಿದ್ದು. ಮೇಲೆ ಹೋದ ಮೇಲೆ ನಾನು ಕುದುರೆಮುಖ ತೋರಿಸಿದೆ. ಅತ್ತೆ ಆ ಕಡೆ ತಿರುಗಲಿಲ್ಲ. ಹಳ್ಳದಿಂದ ಮನೆಗೆ ಹೋಗುವ, ಆಗಲೇ ಹುಲ್ಲು ಬೆಳೆದು ಮುಚ್ಚುತ್ತಿದ್ದ ದಾರಿಯನ್ನೇ ನೋಡುತ್ತ ಕೂತರು.

"ಇಷ್ಟುದ್ದ ಇತ್ತೇನೆ ಅದು?" ಎಂದರು.